ಹಳದಿ ಕಾರು ಮತ್ತು ಸೊಸೆಯ ಮಹ್ರ್



ಕೊಲ್ಲಿ ನಾಡಿನಿಂದ ಊರಿಗೆ ಮರಳುವವರ ಸಾಮಾನಿನ ಬಗ್ಗೆ ನಮ್ಮ ಕರಾವಳಿಯ ಮನೆಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಲಿನ ಪುಡಿಯ ಡಬ್ಬಿ, ಖರ್ಜೂರ, ದಪ್ಪ ಕಂಬಳಿ, ನೆರೆಮನೆಯವರಿಗೆಂದು ಅತ್ತರಿನ ಪುಟ್ಟ ಸೀಸೆ, ಎಲ್ಲವೂ ನಿಮಗೆ ಗೊತ್ತಿರುವುದೇ. ಆದರೆ ದುಬೈಯಲ್ಲಿರುವ ಮಗ, "ಉಮ್ಮಾ, ಇಲ್ಲಿಯ ಕೆಲಸ ಬಿಟ್ಟು ಊರಿಗೇ ಬರುತ್ತೇನೆ. ಕಾರನ್ನೂ ತರುತ್ತೇನೆ" ಎಂದರೆ ನೀವೇನು ಹೇಳುವಿರಿ? ಅದೂ ಸಾಧಾರಣ ಕಾರಲ್ಲ. ಮಸ್ಟಾಂಗ್ ಎಂಬ ಹಳದಿ ಬಣ್ಣದ ಸ್ಪೋರ್ಟ್ಸ್ ಕಾರು!

ಹುಡುಗಾಟದ ಆಸೆ ಎಂದು ನಕ್ಕುಬಿಡುವುದು ಸುಲಭ. ನಾನು ನಗಲಿಲ್ಲ. ಆರು ವರ್ಷ ನಾಲ್ವರ ಕೋಣೆಯಲ್ಲಿ ಮಲಗಿ ದುಡಿದ ಮಗ ಅವನು. ತಂಗಿಯ ಮದುವೆ, ಮನೆಯ ತಾರಸಿ, ಬಾಪಾನ ಚಿಕಿತ್ಸೆ, ಎಲ್ಲವೂ ಅವನ ಬೆವರಿನಿಂದಲೇ ಆಯಿತು. ಆಮೇಲೆ ಬ್ಯಾಂಕಿನ ಸಾಲದಲ್ಲಿ ಈ ಹಳೆಯ ಕಾರನ್ನು ಕೊಂಡ. ರಜೆಯ ದಿನ ರಾಸ್ ಅಲ್ ಖೈಮಾದ ಜೆಬೆಲ್ ಜೈಸ್ ಬೆಟ್ಟದ ತಿರುವುಗಳಲ್ಲಿ ಅದನ್ನು ಓಡಿಸುವುದೇ ಅವನಿಗಿದ್ದ ಒಂದೇ ಸಂತೋಷ. ತಾಯಿಗೆ ಇದು ಅರ್ಥವಾಗದಿದ್ದರೆ ಇನ್ನಾರಿಗೆ ಅರ್ಥವಾದೀತು?

ಕಾರು ಕಡಲು ದಾಟುವುದು ಹೇಗೆಂದು ಅವನೇ ವಿವರಿಸಿದ. ಎರಡು ದಾರಿಗಳಿವೆ. ಒಂದು, ಕಾರುಗಳನ್ನು ಓಡಿಸಿಯೇ ಒಳಗೆ ನಿಲ್ಲಿಸುವ ದೊಡ್ಡ ಹಡಗು. ಇನ್ನೊಂದು, 20 ಅಡಿಯ ಕಂಟೇನರ್. ಸ್ಪೋರ್ಟ್ಸ್ ಕಾರಿನ ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಆದ್ದರಿಂದ ಉದ್ದನೆಯ ಹಲಗೆಗಳನ್ನಿಟ್ಟು ಮೆಲ್ಲಗೆ ಹತ್ತಿಸಬೇಕು. ಕಂಟೇನರಿನ ಒಳಗಲ ಎರಡೂಕಾಲು ಮೀಟರಿಗಿಂತ ಸ್ವಲ್ಪ ಹೆಚ್ಚು. ಕಾರಿನ ಅಗಲವೇ ಸುಮಾರು ಎರಡು ಮೀಟರ್. ಉದ್ದನೆಯ ಬಾಗಿಲು ತೆರೆಯಲು ಜಾಗವಿಲ್ಲದೆ, ಓಡಿಸಿದವನು ಕಿಟಕಿಯಿಂದಲೇ ಹೊರಗೆ ಬರಬೇಕಾಗುತ್ತದೆ. ಪೆಟ್ರೋಲನ್ನು ಕಾಲು ಟ್ಯಾಂಕಿಗಿಂತ ಕಡಿಮೆ ಮಾಡಿ, ಬ್ಯಾಟರಿಯ ತಂತಿ ಕಳಚಿ, ಚಕ್ರಗಳಿಗೆ ಅಡ್ಡಕಟ್ಟೆ ಕೊಟ್ಟು, ಪಟ್ಟಿಗಳಿಂದ ಬಿಗಿಯುತ್ತಾರೆ.

ಇಷ್ಟೆಲ್ಲ ಮಾಡಿದರೂ ಕಡಲು ಕಡಲೇ. 2022ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ 'ಫೆಲಿಸಿಟಿ ಏಸ್' ಎಂಬ ಹಡಗಿಗೆ ಬೆಂಕಿ ಬಿತ್ತು. ಪೋರ್ಷೆ, ಬೆಂಟ್ಲಿ, ಲ್ಯಾಂಬೋರ್ಗಿನಿಯಂತಹ ಬೆಲೆಬಾಳುವ ಕಾರುಗಳೂ ಸೇರಿ ಸುಮಾರು 4,000 ವಾಹನಗಳು ಮಾರ್ಚ್ 1ರಂದು ಹಡಗಿನೊಂದಿಗೆ ಮುಳುಗಿದವು. ನಾವಿಕರು 22 ಮಂದಿಯೂ ಪಾರಾದರು, ಅಲ್‌ಹಮ್ದುಲಿಲ್ಲಾಹ್.

ಕಾರಿನ ಮಾತು ಸೊಸೆಯ ಕಪಾಟಿನವರೆಗೆ ಬಂದಾಗ ನನ್ನ ಎದೆ ಝಲ್ಲೆಂದಿತು. ಸಾಲ ತೀರದ ಹೊರತು ದುಬೈಯಿಂದ ಕಾರನ್ನು ಹೊರಗೆ ಸಾಗಿಸುವಂತಿಲ್ಲ. ಬ್ಯಾಂಕು ತನ್ನ ಹಕ್ಕು ಬಿಟ್ಟುಕೊಟ್ಟ ಮೇಲೆಯೇ ರಫ್ತಿನ ಕಾಗದ ಸಿಗುತ್ತದೆ. ಬಾಕಿ ಇದ್ದದ್ದು 38,000 ದಿರ್ಹಮ್. "ನಿನ್ನ ಮಹ್ರ್‌ನ ಬಂಗಾರ ಅಡವಿಟ್ಟರೆ ಸಾಕು, ವರ್ಷದೊಳಗೆ ಬಿಡಿಸಿಕೊಡುತ್ತೇನೆ" ಎಂದು ಮಗ ಸೊಸೆಯಲ್ಲಿ ಕೇಳಿದ್ದ. ಆಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಉಮ್ಮಾ, ಇಲ್ಲವೆಂದರೆ ಅವರಿಗೆ ಬೇಸರವಾದೀತೇ?" ಎಂದು ಮೆಲ್ಲಗೆ ಕೇಳಿದಳು.

ಸಹೋದರಿಯರೇ, ಆ ಪ್ರಶ್ನೆಯಲ್ಲಿ ಎಷ್ಟು ಹೆದರಿಕೆಯಿತ್ತೆಂದು ನಿಮಗೆ ತಿಳಿಯದೇ? ನಾನೆಂದೆ, "ಮಗಳೇ, ಮಹ್ರ್ ಅಲ್ಲಾಹನು ನಿನಗೆ ಕೊಡಿಸಿದ ಹಕ್ಕು. ಅದರಲ್ಲಿ ನನ್ನ ಮಗನಿಗೂ ಪಾಲಿಲ್ಲ, ನನಗೂ ಇಲ್ಲ. ಮನಸಾರೆ ಕೊಡುವುದಾದರೆ ಅದು ನಿನ್ನ ಔದಾರ್ಯ. ಹೆದರಿ ಕೊಡುವುದಾದರೆ ಕೊಡಬೇಡ. ಕಾರು ಇಲ್ಲಿಗೆ ಬಂದೀತೇ ಎಂದು ಮೊದಲು ವಿಚಾರಿಸೋಣ."

ಮರುದಿನ ನಾವಿಬ್ಬರೂ ಮಂಗಳೂರಿಗೆ ಹೋಗಿ ಬಂದರಿನ ಕಾಗದಪತ್ರ ಮಾಡಿಸುವ ಹಿರಿಯರೊಬ್ಬರನ್ನು ಕಂಡೆವು. ಅವರು ತಿಳಿಸಿದ್ದನ್ನು ನಿಮ್ಮ ಮನೆಯ ಹುಡುಗರಿಗೂ ಹೇಳಿ. ವಿದೇಶದಲ್ಲಿ ಬಳಸಿದ ಕಾರನ್ನು ಭಾರತಕ್ಕೆ ತರಬೇಕಾದರೆ ಅದು ತಯಾರಾಗಿ 3 ವರ್ಷ ಮೀರಿರಬಾರದು. ಸ್ಟಿಯರಿಂಗ್ ಬಲಬದಿಯಲ್ಲಿರಬೇಕು. ರಸ್ತೆಯ ಎಡಬದಿಯಲ್ಲಿ ಸಾಗುವ ನಮ್ಮ ಸಂಚಾರಕ್ಕೆ ಒಪ್ಪುವಂತೆ ಮುಂದೀಪದ ಬೆಳಕು ಬೀಳಬೇಕು. ಪಣಂಬೂರಿನ ಬಂದರು ನಮ್ಮ ಪಕ್ಕದಲ್ಲೇ ಇದ್ದರೂ ಅಂತಹ ಕಾರು ಇಳಿಯಬೇಕಾದದ್ದು ಮುಂಬೈಯಲ್ಲಿ. ಮೇಲೆ ಸುಂಕ. ಅದು ಕಾರಿನ ಬೆಲೆಯನ್ನೂ ಮೀರುತ್ತದೆ.

ಮಗನ ಕಾರು 2019ರದ್ದು. ಸ್ಟಿಯರಿಂಗ್ ಎಡಬದಿಯಲ್ಲಿ. "2016ರಿಂದ ಇದೇ ಕಾರನ್ನು ಭಾರತದಲ್ಲೂ ಮಾರಿದ್ದರಲ್ಲಾ ಉಮ್ಮಾ?" ಎಂದು ಫೋನಿನಲ್ಲಿ ವಾದಿಸಿದ. ಹೌದು, ಆದರೆ ಇಲ್ಲಿ ಮಾರಿದ್ದು ಬಲಬದಿಯ ಸ್ಟಿಯರಿಂಗಿನದ್ದು.

ಆಗ ಅವನ ಪರಿಚಯದವನೊಬ್ಬ ಒಳದಾರಿ ತೋರಿಸಿದ. ಪ್ರವಾಸಿಗರು ತಮ್ಮ ಕಾರನ್ನು ತಾತ್ಕಾಲಿಕವಾಗಿ ತರಲು 'ಕಾರ್ನೆಟ್' ಎಂಬ ಪತ್ರವಿದೆ. ಅದರಲ್ಲಿ ಸುಂಕವಿಲ್ಲ, ಆದರೆ ಆರು ತಿಂಗಳೊಳಗೆ ಕಾರು ಮರಳಿ ದೇಶ ಬಿಡಬೇಕು. "ಹಾಗೆ ತನ್ನಿ, ಆಮೇಲೆ ನಂಬರ್ ಪ್ಲೇಟು ಬದಲಿಸೋಣ" ಎಂದನಂತೆ ಆ ಪುಣ್ಯಾತ್ಮ! ಇಂತಹ ದಾರಿಗಳು ಎಲ್ಲಿಗೆ ಮುಟ್ಟುತ್ತವೆಂಬುದನ್ನು ನೆರೆಯ ಕೇರಳದಲ್ಲಿ ನೋಡಿದ್ದೇವೆ. 2025ರ ಸೆಪ್ಟೆಂಬರ್‌ನಲ್ಲಿ ಕಸ್ಟಮ್ಸ್ ಅಧಿಕಾರಿಗಳು 'ಆಪರೇಷನ್ ನುಂಖೋರ್' ಎಂಬ ಹೆಸರಲ್ಲಿ, ಭೂತಾನ್ ಮೂಲಕ ಸುಂಕ ತಪ್ಪಿಸಿ ಬಂದವೆಂಬ ಶಂಕೆಯ ಮೇಲೆ ಅನೇಕ ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡರು.

ನಾನು ಮಗನಿಗೆ ಉದ್ದ ಉಪದೇಶ ಮಾಡಲಿಲ್ಲ. "ಮಗಾ, ಆರು ವರ್ಷ ನೀನು ಹಲಾಲ್ ಆಗಿಯೇ ದುಡಿದೆ. ಆ ದುಡಿಮೆ ಸುಳ್ಳು ನಂಬರಿನ ಕಾರಾಗಿ ನಮ್ಮ ಅಂಗಳಕ್ಕೆ ಬರುವುದು ಬೇಡ" ಎಂದೆ. ಬಹಳ ಹೊತ್ತು ಅವನು ಮಾತಾಡಲಿಲ್ಲ. ಮತ್ತೆ, "ಅವಳಲ್ಲಿ ಹೇಳಿ ಉಮ್ಮಾ, ಬಂಗಾರ ಕಪಾಟಿನಲ್ಲೇ ಇರಲಿ" ಎಂದ. "ನೀನೇ ಹೇಳು" ಎಂದು ಫೋನನ್ನು ಸೊಸೆಯ ಕೈಗೆ ಕೊಟ್ಟೆ.

ಕಾರು ದುಬೈಯಲ್ಲೇ 61,000 ದಿರ್ಹಮಿಗೆ ಮಾರಾಟವಾಯಿತು. ಬ್ಯಾಂಕಿನ ಸಾಲ ಕಳೆದು 23,000 ದಿರ್ಹಮ್ ಉಳಿಯಿತು. ಆ ಹಣದಿಂದ ಅವನೀಗ ಉಪ್ಪಿನಂಗಡಿಯಲ್ಲಿ ವಾಹನಗಳ ಎ.ಸಿ. ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದಾನೆ. ಲಾಭ ದೊಡ್ಡದಲ್ಲ, ಬರಕತ್ ಇದೆ. ಗೋಡೆಯಲ್ಲಿ ಹಳದಿ ಕಾರಿನ ಫೋಟೋ ಇದೆ. ಅದನ್ನು ತೆಗೆಯೆಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ.

ಒಳ್ಳೆಯ ವಾಹನದಲ್ಲಿ ಕೂರಬಾರದೆಂದು ನಮ್ಮ ಧರ್ಮ ಹೇಳುವುದಿಲ್ಲ. ದುಂದುಗಾರಿಕೆ, ಮೋಸ, ಇನ್ನೊಬ್ಬರ ಹಕ್ಕನ್ನು ಕಬಳಿಸುವುದು, ಇವುಗಳಿಂದ ದೂರವಿರಲು ಹೇಳುತ್ತದೆ. ಒಂದು ಕಾರಿನ ಪ್ರಯಾಣದಲ್ಲಿ ಈ ಮೂರೂ ನಮ್ಮ ಹೊಸ್ತಿಲ ತನಕ ಬಂದಿದ್ದವು. ನಾಳೆ ನಿಮ್ಮ ಮಗನೋ ಪತಿಯೋ ಹೀಗೆ ಕೇಳಿದರೆ ಜಗಳಕ್ಕೆ ಹೋಗಬೇಡಿ. ಜೊತೆಗೆ ಕುಳಿತು ಲೆಕ್ಕ ಹಾಕಿ, ಬಲ್ಲವರಲ್ಲಿ ಕಾನೂನು ಕೇಳಿ. ನೀವು ಅತ್ತೆಯಾಗಿದ್ದರೆ, ಸೊಸೆ ತನ್ನ ಮಹ್ರ್‌ಗಾಗಿ 'ಇಲ್ಲ' ಎನ್ನಬೇಕಾದ ದಿನ ಆಕೆಯ ಪಕ್ಕದಲ್ಲಿ ನಿಲ್ಲಿರಿ. ಆ ಒಂದು ಮಾತನ್ನು ಆಕೆ ಒಂಟಿಯಾಗಿ ಹೇಳುವಂತಾಗದಿರಲಿ.