ಎರಡು ಪರದೆಗಳ ನಡುವೆ

ಪುತ್ತೂರಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್ ದೂರ. ಆರೋಗ್ಯವಂತರಿಗೆ ಅದು ಒಂದೂವರೆ ಗಂಟೆಯ ಹಾದಿ. ಎದೆನೋವಿನಿಂದ ನರಳುವವರನ್ನು ಮಡಿಲಲ್ಲಿ ಮಲಗಿಸಿಕೊಂಡು ಹೊರಟವರಿಗೆ ಅದರ ಉದ್ದವೇ ಬೇರೆ. ನಮ್ಮ ಉಪ್ಪ ತೀರಿಕೊಂಡದ್ದು ಈ ಹಾದಿಯಲ್ಲಿಯೇ. 1996ರ ಮಳೆಗಾಲದ ಒಂದು ರಾತ್ರಿ, ಬಾಡಿಗೆಯ ಅಂಬಾಸಿಡರ್ ಕಾರು ಮಾಣಿಯನ್ನು ದಾಟಿ ಕಲ್ಲಡ್ಕದ ಕಡೆಗೆ ಸಾಗುತ್ತಿದ್ದಾಗ ಅವರು ಒಮ್ಮೆ ಕಲಿಮ ಹೇಳಿದರು, ಮತ್ತೆ ಮಾತನಾಡಲಿಲ್ಲ. ನಮ್ಮೂರಿನ ವೈದ್ಯರನ್ನು ನಾವು ಎಂದೂ ದೂರಲಿಲ್ಲ. ನಾಡಿ ಹಿಡಿದು, ಬೆನ್ನು ಸವರಿ, "ಬೇಗ ಮಂಗಳೂರಿಗೆ ಕೊಂಡುಹೋಗಿ" ಎನ್ನುವುದಕ್ಕಿಂತ ಹೆಚ್ಚಿನದು ಅಂದು ಅವರ ಕೈಯಲ್ಲಿರಲಿಲ್ಲ.

ಇಪ್ಪತ್ತಾರು ವರ್ಷಗಳ ಬಳಿಕ, 2022ರ ಆಟಿ ತಿಂಗಳ ಜಡಿಮಳೆಯಲ್ಲಿ, ಉಮ್ಮ ಮಗ್ರಿಬ್ ನಮಾಝ್ ಮುಗಿಸಿ ಮುಸಲ್ಲದ ಮೇಲಿಂದ ಏಳಲಾಗದೆ ಎದೆ ಹಿಡಿದುಕೊಂಡಾಗ ನಮ್ಮ ಕಣ್ಮುಂದೆ ಬಂದದ್ದು ಆ ಅಂಬಾಸಿಡರ್ ಕಾರೇ. ಆದರೆ ಈ ಬಾರಿ ಊರಿನ ಕ್ಲಿನಿಕ್ಕಿನಲ್ಲಿ ಇ.ಸಿ.ಜಿ. ಯಂತ್ರವಿತ್ತು. ಯುವ ವೈದ್ಯರು ಆ ಕಾಗದದ ಚಿತ್ರವನ್ನು ಫೋನಿನಲ್ಲಿ ತೆಗೆದು ಮಂಗಳೂರಿನ ಹೃದ್ರೋಗ ತಜ್ಞರೊಬ್ಬರಿಗೆ ಕಳುಹಿಸಿದರು. ಹತ್ತು ನಿಮಿಷ ಕಳೆಯುವುದರೊಳಗೆ ಉತ್ತರ ಬಂತು: ಇಂಥಿಂಥ ಮಾತ್ರೆಗಳನ್ನು ಈಗಲೇ ಕೊಡಿ, ಈ ರಾತ್ರಿಯಲ್ಲಿ ಇಷ್ಟು ದೂರ ತರುವ ಅಗತ್ಯವಿಲ್ಲ, ಪುತ್ತೂರಿನಲ್ಲೇ ದಾಖಲಿಸಿ, ಎರಡು ಗಂಟೆಗೊಮ್ಮೆ ಇ.ಸಿ.ಜಿ. ಕಳುಹಿಸುತ್ತಿರಿ. ಕಲ್ಲಡ್ಕದಲ್ಲಿ ಮೇಲ್ಸೇತುವೆಯ ಕಾಮಗಾರಿ ನಡೆಯುತ್ತಿದ್ದ ದಿನಗಳವು. ಆ ಕೆಸರಿನ ಹೊಂಡಗಳಲ್ಲಿ ಉಮ್ಮನನ್ನು ಕುಲುಕಾಡಿಸಿಕೊಂಡು ಹೋಗುವುದು ತಪ್ಪಿತು. ಅಲ್‌ಹಮ್ದುಲಿಲ್ಲಾಹ್.

ಈ ಹತ್ತು ನಿಮಿಷದ ಉತ್ತರ ಆಕಾಶದಿಂದ ಇಳಿದದ್ದಲ್ಲ. ಮಂಗಳೂರಿನ ಕೆ.ಎಂ.ಸಿ. ಆಸ್ಪತ್ರೆಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಎಂಬ ಕಾರ್ಯವನ್ನು ಆರಂಭಿಸಿ, ದಾನಿಗಳ ನೆರವಿನಿಂದ ಹಳ್ಳಿಗಳಿಗೆ ಇ.ಸಿ.ಜಿ. ಯಂತ್ರಗಳನ್ನು ತಲುಪಿಸಿ, ಅಲ್ಲಿನ ವೈದ್ಯರನ್ನೂ ನಗರದ ತಜ್ಞರನ್ನೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಜೋಡಿಸಿದರು. ನಮ್ಮ ಜಿಲ್ಲೆಯ ಮಟ್ಟಿಗೆ ಈ ಪದ್ಧತಿ ರೂಢಿಗೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು. ಆಮೇಲೆ ರಾಜ್ಯ ಸರ್ಕಾರವೂ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಮೂಲಕ ತಾಲೂಕು ಆಸ್ಪತ್ರೆಗಳ ಇ.ಸಿ.ಜಿ.ಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡುವ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿತು. ದಿನನಿತ್ಯ ಮದುವೆ ಕಾಗದ, ಶುಭಾಶಯ, ಸುಳ್ಳುಸುದ್ದಿಗಳನ್ನು ಹೊರುವ ಅದೇ ವಾಟ್ಸ್‌ಆ್ಯಪ್ ಒಂದು ಜೀವದ ಲೆಕ್ಕವನ್ನೂ ಹೊರಬಲ್ಲದು ಎಂಬುದು ನಮಗೆ ಆ ರಾತ್ರಿ ತಿಳಿಯಿತು. ಅದು ಇನ್ನೇನನ್ನು ಹೊರಬಲ್ಲದು ಎಂಬುದು ಮರುದಿನ ತಿಳಿಯಿತು.

ಪುತ್ತೂರಿನ ಆಸ್ಪತ್ರೆಯಲ್ಲಿ ಉಮ್ಮ ಐದು ರಾತ್ರಿ ಇದ್ದರು. ಮೊದಲ ಎರಡು ರಾತ್ರಿ ಐ.ಸಿ.ಯು.ನಲ್ಲಿ. ಅಲ್ಲಿ ರಾತ್ರಿ ಪಾಳಿಗೆ ಬರುತ್ತಿದ್ದ ಶುಶ್ರೂಷಕಿ ಸುಳ್ಯದ ಕಡೆಯವರು. ಉಮ್ಮನೊಡನೆ ಅವರ ಮಾತೆಲ್ಲ ತುಳುವಿನಲ್ಲಿ. ನಮ್ಮ ಮನೆಯ ಭಾಷೆ ಬ್ಯಾರಿಯಾದರೂ ಸಂತೆ, ತೋಟ, ಬಸ್ಸುಗಳಲ್ಲಿ ಉಮ್ಮ ಆಯುಷ್ಯವಿಡೀ ಆಡಿದ್ದು ತುಳುವನ್ನೇ. ಎದೆಗೆ ಇ.ಸಿ.ಜಿ.ಯ ತಂತಿ ಹಚ್ಚುವ ಮೊದಲು ಆಕೆ ನಮ್ಮನ್ನು ಹೊರಗೆ ಕಳುಹಿಸಿ ಮಂಚದ ಸುತ್ತ ಬಟ್ಟೆಯ ಪರದೆಯನ್ನು ಎಳೆಯುತ್ತಿದ್ದರು. "ಅಮ್ಮಾ, ನಾನೊಬ್ಬಳೇ ಇದ್ದೇನೆ" ಎಂದು ಹೇಳಿಯೇ ಕೆಲಸಕ್ಕೆ ಕೈ ಹಾಕುತ್ತಿದ್ದರು. ಅವರು ಬಂದ ಮೇಲೆ ಉಮ್ಮನ ಉಸಿರು ಸ್ವಲ್ಪ ನಿಧಾನವಾಗುತ್ತಿದ್ದುದನ್ನು ನಾವು ಹೊರಗಿನಿಂದಲೇ ಮಾನಿಟರ್‌ನ ಸದ್ದಿನಲ್ಲಿ ಗುರುತಿಸುತ್ತಿದ್ದೆವು.

ಮಾನಿಟರ್‌ನ ವಿಷಯ ಸ್ವಲ್ಪ ಹೇಳಬೇಕು. ಅದು ಕಿರುಚಿದಾಗಲೆಲ್ಲ ನಾವು ಓಡಿಬರುತ್ತಿದ್ದೆವು, ಬಂದು ಪರದೆಯ ಮೇಲಿನ ಅಂಕಿಗಳನ್ನು ದಿಟ್ಟಿಸುತ್ತಿದ್ದೆವು. ಆ ಶುಶ್ರೂಷಕಿ ಮೊದಲು ನೋಡುತ್ತಿದ್ದುದು ಉಮ್ಮನ ಮುಖವನ್ನು, ಆಮೇಲೆ ಕೈಯನ್ನು, ಕೊನೆಗೆ ಯಂತ್ರವನ್ನು. ಹೆಚ್ಚಿನ ಸಲ ತಂತಿಯೊಂದು ಸಡಿಲಗೊಂಡಿರುತ್ತಿತ್ತು, ಅಷ್ಟೆ. ಒಮ್ಮೆ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 86 ಎಂದು ತೋರಿಸಿ ನಮ್ಮ ಜೀವ ಬಾಯಿಗೆ ತಂದಿತು. ವಾರದ ಹಿಂದೆ ಮೊಮ್ಮಗಳ ಮದುವೆಗೆಂದು ಉಮ್ಮ ಹಚ್ಚಿಸಿಕೊಂಡಿದ್ದ ಕಡುಬಣ್ಣದ ಮದರಂಗಿ ಬೆರಳ ತುದಿಯಲ್ಲಿ ಇನ್ನೂ ಮಾಸಿರಲಿಲ್ಲ. ಆಕೆ ಅದನ್ನು ತೆಗೆದು ಕಾಲಬೆರಳಿಗೆ ಸಿಕ್ಕಿಸಿದರು: 96. "ತುಟಿ ನೋಡಿ, ನೀಲಿಯಾಗಿದೆಯೇ? ಇಲ್ಲ. ಯಂತ್ರಕ್ಕೆ ಇವರ ಮನೆಯ ಮದುವೆ ಗೊತ್ತಿಲ್ಲ" ಎಂದು ನಕ್ಕರು.

ಈ ಆಕ್ಸಿಮೀಟರಿನ ತತ್ವವನ್ನು ಜಪಾನಿನ ತಕುವೊ ಅವೊಯಾಗಿ ಎಂಬ ತಂತ್ರಜ್ಞರು 1974ರಲ್ಲಿ ಲೋಕಕ್ಕೆ ತಿಳಿಸಿದರು. ಕೊರೊನಾ ಕಾಲದಲ್ಲಿ ಅದು ನಮ್ಮ ಮನೆಮನೆಗೂ ಬಂತು. ಚರ್ಮದ ಮೂಲಕ ಬೆಳಕನ್ನು ಹಾಯಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಈ ಯಂತ್ರ ಕಪ್ಪು ಚರ್ಮದವರಲ್ಲಿ ಎಡವುತ್ತದೆ ಎಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಆಮ್ಲಜನಕ ಕುಸಿದಿದ್ದರೂ ಯಂತ್ರ ಅದನ್ನು ಗುರುತಿಸದೆ ಹೋದ ಪ್ರಸಂಗಗಳು ಬಿಳಿಯರಿಗಿಂತ ಕರಿಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿದ್ದವು. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ನಂಬಿದ್ದ ನಮಗೆ ಇದು ಹೊಸ ಸಂಗತಿ. ಯಂತ್ರಕ್ಕೂ ತನ್ನನ್ನು ತಯಾರಿಸಿದವರ ಮೈಬಣ್ಣ ಅಂಟಿಕೊಂಡಿರುತ್ತದೆ ಎಂದಾಯಿತು.

ಎರಡನೆಯ ರಾತ್ರಿ ವಾರ್ಡು ನಿಶ್ಶಬ್ದವಾದ ಮೇಲೆ ಆಕೆ ತಮ್ಮ ಕಷ್ಟವನ್ನೂ ಹೇಳಿಕೊಂಡರು. ಮೊದಲು ಕೇಸ್ ಶೀಟಿನಲ್ಲಿ ಬರೆಯಬೇಕು, ಬಳಿಕ ಅದನ್ನೇ ಕಂಪ್ಯೂಟರಿಗೆ ತುಂಬಿಸಬೇಕು. ಬಿ.ಪಿ. ನೋಡಿದ ಸಮಯ, ಮಾತ್ರೆ ಕೊಟ್ಟ ಸಮಯ, ಮಗ್ಗುಲು ಬದಲಿಸಿದ ಸಮಯ ಎಲ್ಲಕ್ಕೂ ಒಂದೊಂದು ಚೌಕ. "ನಾನು ಓದುವಾಗ ರೋಗಿಯ ಕೈ ಹಿಡಿದು ನಾಡಿ ಎಣಿಸಲು ಕಲಿಸಿದ್ದರು. ಪೂರ್ತಿ ಒಂದು ನಿಮಿಷ. ಆ ಒಂದು ನಿಮಿಷದಲ್ಲಿ ರೋಗಿ ಬಹಳ ಸಂಗತಿ ಹೇಳುತ್ತಿದ್ದರು. ಈಗ ನಾಡಿಯನ್ನು ಯಂತ್ರ ಎಣಿಸುತ್ತದೆ, ಆ ನಿಮಿಷವನ್ನು ಕಂಪ್ಯೂಟರ್ ತೆಗೆದುಕೊಳ್ಳುತ್ತದೆ" ಎಂದರು. ಹಾಗೆಂದು ಅವರು ಯಂತ್ರವನ್ನು ಹಳಿಯಲಿಲ್ಲ. ಡ್ರಿಪ್ಪಿನ ಹನಿಗಳನ್ನು ಗಡಿಯಾರ ಹಿಡಿದು ಎಣಿಸುತ್ತಿದ್ದ ಕಾಲಕ್ಕೆ ಮರಳಲು ತಮಗೆ ಇಷ್ಟವಿಲ್ಲ, ಔಷಧವನ್ನು ಲೆಕ್ಕ ಹಾಕಿ ಹರಿಸುವ ಪಂಪ್ ಬಂದ ಮೇಲೆ ನಿಶ್ಚಿಂತೆಯಾಗಿದೆ ಎಂದೂ ಹೇಳಿದರು.

ಓದುಗ ಸಹೋದರ ಸಹೋದರಿಯರೇ, ನಾವು ಬರೆಯಲು ಕುಳಿತದ್ದು ಮರುದಿನದ ಘಟನೆಯನ್ನು. ಇಷ್ಟು ಹೊತ್ತು ಬಳಸುದಾರಿಯಲ್ಲಿ ಬಂದದ್ದು ನಾಚಿಕೆಯಿಂದ.

ನಾವು ಮಕ್ಕಳು ನಾಲ್ವರು, ಒಬ್ಬರು ದಮ್ಮಾಮಿನಲ್ಲಿ. ಬೆಳಿಗ್ಗೆ ವೀಡಿಯೊ ಕರೆಯಲ್ಲಿ ಅವರು ಉಮ್ಮನನ್ನು ಕಂಡು, ಸಲಾಂ ಹೇಳಿ, ಅತ್ತರು. ರೋಗಿಯ ಸಂದರ್ಶನಕ್ಕೆ ನಮ್ಮ ಧರ್ಮ ಕೊಟ್ಟಿರುವ ಸ್ಥಾನ ಎಲ್ಲರಿಗೂ ತಿಳಿದದ್ದೇ. ಸಮುದ್ರದಾಚೆಯ ಮಗನಿಗೆ ಆ ಪುಣ್ಯ ಫೋನಿನಿಂದ ದೊರಕಿದರೆ ಅದನ್ನು ಅಲ್ಲಗಳೆಯುವ ಧೈರ್ಯ ನಮಗಿಲ್ಲ. ಆದರೆ ಕರೆ ಮುಗಿದ ಮೇಲೆ, ಉಮ್ಮನಿಗೆ ಮಂಪರು ಹತ್ತಿದಾಗ, ನಮ್ಮಲ್ಲೊಬ್ಬರು ಒಂದು ಫೋಟೊ ತೆಗೆದರು. ಯಾರೆಂದು ಬರೆಯುವುದಿಲ್ಲ, ಎಲ್ಲರೂ ನೋಡಿದೆವು, ಯಾರೂ ತಡೆಯಲಿಲ್ಲ. 'ಉಮ್ಮನಿಗಾಗಿ ದುಆ ಮಾಡಿ' ಎಂಬ ಸಾಲಿನೊಂದಿಗೆ ಅದು 63 ಜನರಿರುವ ಕುಟುಂಬದ ಗುಂಪಿಗೆ ಹೋಯಿತು. ಜೊತೆಗೆ ರಕ್ತ ಪರೀಕ್ಷೆಯ ವರದಿಯೂ. ಹೆಸರು, ವಯಸ್ಸು, ಸಕ್ಕರೆಯ ಪ್ರಮಾಣ, ಮೂತ್ರಪಿಂಡದ ಲೆಕ್ಕ ಎಲ್ಲವೂ ಅದರಲ್ಲಿದ್ದವು.

ಫೋಟೊದಲ್ಲಿ ಉಮ್ಮನ ತಲೆವಸ್ತ್ರ ಜಾರಿತ್ತು. ಆಸ್ಪತ್ರೆಯ ನಿಲುವಂಗಿಯ ಕೊರಳು ಸಡಿಲವಾಗಿ ತಂತಿಗಳು ಕಾಣುತ್ತಿದ್ದವು. ಬಾಯಿ ಅರ್ಧ ತೆರೆದಿತ್ತು. ಹದಿಮೂರನೆಯ ವಯಸ್ಸಿನಿಂದ ಪರಪುರುಷರ ಮುಂದೆ ತಲೆಯ ಒಂದು ಕೂದಲನ್ನೂ ತೋರಿಸದ ಹೆಂಗಸು ಅವರು.

ಸಂಜೆ ನೋಡಲು ಬಂದ ಬಂಧುವೊಬ್ಬರು ಒಳ್ಳೆಯ ಮನಸ್ಸಿನಿಂದಲೇ, "ಫೋಟೊದಲ್ಲಿ ನೋಡಿ ಹೆದರಿಬಿಟ್ಟೆವು, ಈಗ ಪರವಾಗಿಲ್ಲ" ಎಂದರು. ಉಮ್ಮ "ಯಾವ ಫೋಟೊ?" ಎಂದು ಕೇಳಿದರು. ಅವರು ತೋರಿಸಿದರು. ಉಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ ಫೋನನ್ನು ಹಿಂದಿರುಗಿಸಿದರು. ಬಂಧುಗಳು ಹೋದ ಮೇಲೆ ಗೋಡೆಯ ಕಡೆಗೆ ತಿರುಗಿ ಮಲಗಿದರು. ಆ ರಾತ್ರಿ ನಮ್ಮ ಯಾರ ಕೈಯಿಂದಲೂ ಗಂಜಿ ಕುಡಿಯಲಿಲ್ಲ. ಬಿ.ಪಿ. ಏರಿತು. ಪಾಳಿಗೆ ಬಂದ ಶುಶ್ರೂಷಕಿ ಕಾರಣ ಕೇಳಿದಾಗ ಉಮ್ಮ ಹೇಳಿದ್ದು ಒಂದೇ ಮಾತು: "ನೀನು ದಿನಾ ಎಳೆಯುವ ಪರದೆಯನ್ನು ನನ್ನ ಮಕ್ಕಳೇ ಸರಿಸಿದರು, ಮಗಳೇ."

ಆಕೆ ಹೊರಗೆ ಬಂದು ನಮ್ಮನ್ನು ಗದರಿಸಲಿಲ್ಲ. "ನೀವು ಅಮ್ಮನನ್ನು ಕೇಳಿದ್ದಿರಾ?" ಎಂದಷ್ಟೇ ಕೇಳಿದರು. ರೋಗಿಯ ಫೋಟೊ ತೆಗೆಯುವುದಕ್ಕೆ, ವರದಿಯನ್ನು ಬೇರೆಯವರಿಗೆ ತೋರಿಸುವುದಕ್ಕೆ ತಮಗೆ ಅನುಮತಿಯಿಲ್ಲ, ಮನೆಯವರು ಮಾಡಿದರೆ ತಡೆಯುವ ಅಧಿಕಾರವೂ ಇಲ್ಲ ಎಂದರು. ಈಗ ಯಾರನ್ನಾದರೂ ದಾಖಲಿಸಿದರೆ ಕೈ ಮುಂದಾಗುವ ಮೊದಲು ಫೋನು ಮುಂದಾಗುತ್ತದೆ ಎಂಬುದು ಅವರ ಅನುಭವ.

ಅಮಾನತ್ ಎಂಬ ಶಬ್ದವನ್ನು ನಾವು ಚಿಕ್ಕಂದಿನಿಂದ ಮದ್ರಸದಲ್ಲಿ ಕೇಳಿದವರು. ಪರರ ಹಣ, ಒಡವೆ, ಜಮೀನಿನ ಕಾಗದ ಎಂದು ಮಾತ್ರ ಅದನ್ನು ತಿಳಿದಿದ್ದೆವು. ಮಲಗಿದ ರೋಗಿಯ ಮುಖವೂ ಅಮಾನತ್ ಎಂದು ಹೊಳೆದಿರಲಿಲ್ಲ. ಮದೀನದ ಮಸೀದಿಯ ಅಂಗಳದಲ್ಲಿ ಡೇರೆ ಹಾಕಿ ಗಾಯಾಳುಗಳ ಶುಶ್ರೂಷೆ ಮಾಡಿದ ರುಫೈದಾ(ರ) ಅವರ ಚರಿತ್ರೆ ಆ ದಿನಗಳಲ್ಲಿ ಮತ್ತೆ ಮತ್ತೆ ನೆನಪಾಯಿತು. ಹಿಜರಿ 5ರ ಖಂದಕ್ ಯುದ್ಧದಲ್ಲಿ ಬಾಣ ತಗಲಿದ ಸಅದ್ ಬಿನ್ ಮುಆದ್(ರ) ಅವರನ್ನು ಆ ಡೇರೆಯಲ್ಲಿ ಇರಿಸಲಾಯಿತು, ಹತ್ತಿರದಿಂದಲೇ ಹೋಗಿ ನೋಡಿಬರಲು ಪ್ರವಾದಿ(ಸ)ರಿಗೆ ಅನುಕೂಲವಾಗಲೆಂದು. ಡೇರೆ ಎಂದರೂ ಪರದೆಯೇ ತಾನೆ. ಹತ್ತಿರವೂ ಇರಬೇಕು, ಮರೆಯೂ ಇರಬೇಕು. ಬಗ್ದಾದಿನ ಅಲ್-ರಾಝಿ ತಮ್ಮ ರೋಗಿಗಳ ಕುರಿತು ಬರೆದಿಟ್ಟ ಟಿಪ್ಪಣಿಗಳನ್ನು ಅವರ ಮರಣಾನಂತರ ಒಟ್ಟುಗೂಡಿಸಿದ್ದರಿಂದಲೇ 'ಅಲ್-ಹಾವಿ' ಎಂಬ ಬೃಹದ್ಗ್ರಂಥವಾಯಿತು. ರೋಗಿಯ ವಿವರವನ್ನು ದಾಖಲಿಸುವುದು ತಪ್ಪಲ್ಲ, ಹೊಸದೂ ಅಲ್ಲ. ಅದು ಯಾರ ಕೈಯಲ್ಲಿದೆ, ಯಾವುದಕ್ಕಾಗಿ ಎಂಬುದೇ ಪ್ರಶ್ನೆ.

ಅದೇ ವರ್ಷದ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳ ಮೇಲೆ ಸೈಬರ್ ದಾಳಿ ನಡೆಯಿತು. ಎಷ್ಟೋ ದಿನ ನೋಂದಣಿ, ವರದಿಗಳೆಲ್ಲ ಮರಳಿ ಕಾಗದ, ಪೆನ್ನುಗಳಿಗೆ ಬಂದವು. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆಂದು ಸಂಸತ್ತು ಕಾನೂನು ಮಾಡಿತು. ಆ ಸುದ್ದಿಗಳನ್ನು ಓದುವಾಗ ನಮಗೆ ಕಳ್ಳರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಉಮ್ಮನ ಆ ಫೋಟೊದ ನೆನಪು. ನಮ್ಮ ಮನೆಯ ಬೀಗ ಒಡೆದು ಯಾರೂ ಅದನ್ನು ಕದ್ದಿರಲಿಲ್ಲ.

ಅಳಿಸಲು ಪ್ರಯತ್ನಿಸಿದೆವು. ಕಳುಹಿಸಿದ್ದನ್ನು ಎಲ್ಲರ ಫೋನಿನಿಂದಲೂ ಅಳಿಸಲು ವಾಟ್ಸ್‌ಆ್ಯಪ್ ಆಗ ಕೊಡುತ್ತಿದ್ದುದು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚಿನ ಅವಧಿ ಮಾತ್ರ. ಅದು ಎಂದೋ ಮೀರಿತ್ತು. ಹಾಗಾಗಿ 63 ಜನರಿಗೂ ಒಬ್ಬೊಬ್ಬರಿಗಾಗಿ ಕರೆ ಮಾಡಿ, ತಪ್ಪು ಒಪ್ಪಿಕೊಂಡು, ಅಳಿಸಬೇಕೆಂದು ಕೇಳಿಕೊಂಡೆವು. ಕೆಲವರಿಗೆ ನಮ್ಮ ಮಾತು ವಿಚಿತ್ರವಾಗಿ ಕೇಳಿಸಿತು. ದುಆಕ್ಕಾಗಿ ತಾನೆ ಕಳುಹಿಸಿದ್ದು ಎಂದರು. ಉಮ್ಮನ ಬಳಿ ಕ್ಷಮೆ ಕೇಳಿದಾಗ ಅವರು "ಅಲ್ಲಾಹನು ಕ್ಷಮಿಸಲಿ" ಎಂದರು. ತಾವು ಕ್ಷಮಿಸಿದ್ದೇವೆ ಎಂದು ಹೇಳಲು ಇನ್ನೂ ಕೆಲವು ತಿಂಗಳು ಬೇಕಾದವು.

ಈಗ ಉಮ್ಮ ಮನೆಯಲ್ಲಿದ್ದಾರೆ. ಬಿ.ಪಿ., ಸಕ್ಕರೆಯ ವಿಚಾರಣೆಗೆ ಆಶಾ ಕಾರ್ಯಕರ್ತೆ ಬರುತ್ತಾರೆ, ಎಲ್ಲವನ್ನೂ ಫೋನಿನಲ್ಲಿ ತುಂಬಿಸುತ್ತಾರೆ. ಮೂರು ತಿಂಗಳಿಗೊಮ್ಮೆ ಇ.ಸಿ.ಜಿ. ಅದೇ ಕ್ಲಿನಿಕ್ಕಿನಿಂದ ಮಂಗಳೂರಿಗೆ ಹೋಗುತ್ತದೆ. ಉಮ್ಮನಿಗೆ ಅದರ ಬಗ್ಗೆ ಆಕ್ಷೇಪವಿಲ್ಲ. ಕ್ಲಿನಿಕ್ಕಿನ ವೈದ್ಯರು ಫೋನು ಎತ್ತಿದಾಗಲೊಮ್ಮೆ ಮಾತ್ರ, "ಕಾಗದದ್ದೇ ತಾನೆ?" ಎಂದು ಕೇಳುತ್ತಾರೆ. "ಕಾಗದದ್ದೇ ಉಮ್ಮ" ಎಂದು ಅವರು ಫೋನನ್ನು ತಿರುಗಿಸಿ ತೋರಿಸುತ್ತಾರೆ.

ಆ 63 ಜನರಲ್ಲಿ ಇಬ್ಬರು ನಮ್ಮ ಕರೆಗೆ ಇನ್ನೂ ಉತ್ತರಿಸಿಲ್ಲ.