ಬೋರ್ಡು ಹೋಗೈತೆ ಸಾ

ನಮ್ಮ ಚಿತ್ರದುರ್ಗ ಸೀಮೆಯವರಿಗೆ ಮಳೆಗಿಂತ ಹೆಚ್ಚು ಪರಿಚಯವಿರುವುದು ಮೋಟಾರು ವೈಂಡಿಂಗ್ ಅಂಗಡಿ. ಹಿರಿಯೂರಿರಲಿ, ಹೊಳಲ್ಕೆರೆಯಿರಲಿ, ಸುಟ್ಟ ವಾರ್ನಿಶ್ ವಾಸನೆ ಹಿಡಿದು ಹೋದರೆ ಸಾಕು, ಅಂಗಡಿ ಸಿಗುತ್ತದೆ. ಹೊಸದುರ್ಗದ ಹತ್ತಿರ ನಮ್ಮ ದೊಡ್ಡಪ್ಪನ ತೆಂಗಿನ ತೋಟವಿದೆ. ಅಲ್ಲಿನ ಬೋರಿನ ಮೋಟಾರು ವೋಲ್ಟೇಜಿನ ಕಾಟಕ್ಕೆ ಸುಟ್ಟಾಗಲೆಲ್ಲ ಹೊಸ ತಂತಿ ಸುತ್ತಿಸಿಕೊಂಡು, ಈಗ ಕಂಪನಿಯದೆಂದು ಉಳಿದಿರುವುದು ಮೈಮೇಲಿನ ಹೆಸರೊಂದೇ. ಅದೂ ಅರ್ಧ ಅಳಿಸಿದೆ. ನೀರಿಗೇನೂ ತೊಂದರೆಯಿಲ್ಲ.

ರೇಡಿಯೋ ಕಾಲವೂ ಹಾಗೇ ಇತ್ತು. ಭದ್ರಾವತಿ ಕೇಂದ್ರ ಗೊರಗುಟ್ಟಿದರೆ ಮೊದಲ ಚಿಕಿತ್ಸೆ ನೆತ್ತಿಗೊಂದು ಏಟು. ಅದಕ್ಕೂ ಬಗ್ಗದಿದ್ದರೆ ಸಂತೆಯ ದಿನ ಪೇಟೆಯ ರಿಪೇರಿಯವರ ಮುಂದೆ ಹಾಜರಿ. ಅವರು ಹಿಂದಿನ ರಟ್ಟು ಬಿಚ್ಚಿದರೆ ಕೆಲವು ಸೆಟ್ಟುಗಳ ಒಳಗೆ ಸರ್ಕ್ಯೂಟಿನ ನಕ್ಷೆಯೇ ಅಂಟಿರುತ್ತಿತ್ತು. ಕಂಪನಿಯವರೇ "ಬನ್ನಿ, ನೋಡಿ, ರಿಪೇರಿ ಮಾಡಿಕೊಳ್ಳಿ" ಎನ್ನುತ್ತಿದ್ದ ಕಾಲ.

ಮೊನ್ನೆ ನನ್ನ ಫೋನು ಚಾರ್ಜ್ ಹಿಡಿಯದಾಯಿತು. ಸರ್ವಿಸ್ ಸೆಂಟರಿನ ಹುಡುಗ ಒಮ್ಮೆ ನೋಡಿ, "ಬೋರ್ಡು ಹೋಗೈತೆ ಸಾ" ಎಂದ.

"ಬೋರ್ಡಲ್ಲಿ ಏನು ಹೋಗಿದೆಯಪ್ಪಾ?"

"ಬೋರ್ಡೇ ಹೋಗೈತೆ. ಹೊಸ ಫೋನ್ ತಗಳಿ, ಆಫರ್ ಐತೆ."

ಮನೆಗೆ ಬಂದು ತಿರುಗಿಸಿ ನೋಡಿದೆ. ಉಗುರು ತೂರಿಸಲು ಸಂದಿಲ್ಲ, ಸುತ್ತಲೂ ಅಂಟು. ಏಳು ಸುತ್ತಿನ ಕೋಟೆಗಾದರೂ ಒಂದು ಕಿಂಡಿಯಿತ್ತು!

ಸರ್ಕಾರ ಸುಮ್ಮನೆ ಕೂತಿಲ್ಲ. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗೊಂದು ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ರ ಗ್ರಾಹಕರ ದಿನ, ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನಗಳ ರಿಪೇರಿ ಮಾಹಿತಿಗೆ ಪೋರ್ಟಲ್ ಬಂತು. ಅದನ್ನು ತೆರೆದು ನೋಡಲು ಫೋನು ಬೇಕು. ನನ್ನದರ ಬೋರ್ಡು ಹೋಗಿದೆ. ಫ್ರಾನ್ಸಿನಲ್ಲಿ 2021ರಲ್ಲೇ ಫೋನುಗಳಿಗೆ ರಿಪೇರಿ ಎಷ್ಟು ಸುಲಭವೆಂದು ಹತ್ತಕ್ಕೆ ಅಂಕ ಕೊಡುವ ಪದ್ಧತಿ ಶುರುವಾಯಿತು. ನಮ್ಮಲ್ಲೂ ಅಂಥದ್ದು ಬೇಕೆಂದು 2025ರಲ್ಲಿ ಸಮಿತಿಯೊಂದು ವರದಿ ಕೊಟ್ಟಿದೆ. ಜಾರಿಯಾದರೆ ದೊಡ್ಡಪ್ಪನ ಮೋಟಾರಿಗೆ ಹತ್ತಕ್ಕೆ ಹನ್ನೊಂದು ಖಂಡಿತ.

ದುಡ್ಡು ಕೊಟ್ಟು ತಂದದ್ದು ನಮ್ಮದೇ ಎಂಬ ನಂಬಿಕೆ ನಮ್ಮ ಹಿರಿಯರದು. ಬಿಚ್ಚಲಾಗದ್ದು ಯಾರದೆಂದು ಅವರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆ ರೇಡಿಯೋ ರಿಪೇರಿಯವರ ಅಂಗಡಿಯಲ್ಲೀಗ ಮಗ ಕೂರುತ್ತಾನೆ. ಸೋಲ್ಡರಿಂಗ್ ಕಡ್ಡಿಯಿದ್ದ ಜಾಗದಲ್ಲಿ ಸ್ಕ್ರೀನ್‌ಗಾರ್ಡುಗಳ ಕಟ್ಟು. ವ್ಯಾಪಾರ ಹೇಗಿದೆ ಎಂದೆ. ಗಾಜಿನಡಿಯ ಗಾಳಿಗುಳ್ಳೆಯನ್ನು ಹೆಬ್ಬೆರಳಲ್ಲಿ ಅಂಚಿಗೆ ತಳ್ಳುತ್ತಾ ಹೇಳಿದ: "ನಮ್ಮಪ್ಪ ಬಿಚ್ಚಿ ಅನ್ನ ತಿಂದ್ರು ಸಾ, ನಾನು ಮುಚ್ಚಿ ತಿಂತಿದೀನಿ."