ಒಣ ಗಾಜಿನ ಮೇಲೆ ವೈಪರ್

ಮದ್ದೂರು ದಾಟಿದ ಮೇಲೆ ನಡೆದ ಆ ಪ್ರಸಂಗವನ್ನು ನಾನು ಇಲ್ಲಿಯವರೆಗೆ ಹತ್ತಿಪ್ಪತ್ತು ಜನರಿಗಾದರೂ ಹೇಳಿರಬೇಕು. ಮದುವೆಮನೆಯ ಪಂಕ್ತಿಯಲ್ಲಿ ಹೇಳಿದ್ದೇನೆ, ಆಫೀಸಿನ ಕಾಫಿ ಹೊತ್ತಿನಲ್ಲಿ ಹೇಳಿದ್ದೇನೆ, ಹೊಸದಾಗಿ ಕಾರು ಕೊಂಡ ಭಾವಮೈದುನನಿಗೆ ಬುದ್ಧಿವಾದದ ರೂಪದಲ್ಲಿ ಹೇಳಿದ್ದೇನೆ. ಪ್ರತಿಸಲವೂ ಕಥೆ ಒಂದೇ. ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿ, ದೀಪವಿಲ್ಲ, ಗುರುತಿಲ್ಲ, ನಾನು ಸರಿಯಾದ ಹೊತ್ತಿಗೆ ಬ್ರೇಕ್ ಒತ್ತಿದ್ದರಿಂದ ಗಂಡ-ಹೆಂಡಿರಿಬ್ಬರೂ ಉಳಿದೆವು. ಕೇಳಿದವರು ತಲೆದೂಗಿ, ಲಾರಿಯವರ ಬೇಜವಾಬ್ದಾರಿಗೆ ಒಂದಿಷ್ಟು ಬೈದು, ನನ್ನ ಜಾಣತನಕ್ಕೆ ಒಂದಿಷ್ಟು ಮೆಚ್ಚುಗೆ ಸೂಚಿಸುತ್ತಿದ್ದರು.

ಈ ಕಥೆಯಲ್ಲಿ ಲಾರಿ ನಿಜ, ಬ್ರೇಕ್ ನಿಜ. ಮಿಕ್ಕದ್ದು ಸುಳ್ಳು.

ಸುಳ್ಳಿನ ಬುಡಕ್ಕೆ ಹೋಗುವ ಮುಂಚೆ ನನ್ನ ಕಾರಿನ ವಿಷಯ ಹೇಳಬೇಕು. ಹದಿನಾಲ್ಕು ವರ್ಷ ನಾನು ಓಡಿಸಿದ್ದು ಒಂದು ಸಣ್ಣ ಕಾರು. ನಮ್ಮಲ್ಲಿ ಹೆಚ್ಚಾಗಿ ಓಡುವ ಕಾರುಗಳಂತೆ ಅದರಲ್ಲೂ ಸ್ಟಿಯರಿಂಗ್‌ನ ಬಲಕ್ಕೆ ಇಂಡಿಕೇಟರ್ ಲಿವರ್, ಎಡಕ್ಕೆ ವೈಪರ್. ಆಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ಯುರೋಪ್ ಮೂಲದ ಒಂದು ಡೀಸೆಲ್ ಕಾರು ಕೊಂಡೆ. ಅದರಲ್ಲಿ ಎಲ್ಲವೂ ಅದಲುಬದಲು. ಮೊದಲ ತಿಂಗಳು ಜಯನಗರದ ಪ್ರತಿ ತಿರುವಿನಲ್ಲೂ ಬಿರುಬಿಸಿಲಿಗೆ ನನ್ನ ವೈಪರ್ ಓಡಿತು. ಹಿಂದಿನ ಆಟೊದವನಿಗೆ ನಾನು ಎತ್ತ ತಿರುಗುತ್ತೇನೆಂದು ತಿಳಿಯುತ್ತಿರಲಿಲ್ಲ. ಗಾಜು ಒರೆಸಿಕೊಳ್ಳುತ್ತಿದ್ದೇನೆಂದಷ್ಟೇ ತಿಳಿಯುತ್ತಿತ್ತು. ಮನೆಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುವ ಬದಲು ಕಾರು ನಿಲ್ಲಿಸಿಕೊಂಡು ಹತ್ತು ನಿಮಿಷ ಕೈಗೆ ಅಭ್ಯಾಸ ಮಾಡಿಸಬಹುದಿತ್ತು. ಮಾಡಿಸಲಿಲ್ಲ. ಹದಿನಾಲ್ಕು ವರ್ಷ ಓಡಿಸಿದವನಿಗೆ ಲಿವರ್ ಅಭ್ಯಾಸ ಮಾಡುವುದೆಂದರೆ ಮತ್ತೆ ಸ್ಲೇಟು-ಬಳಪ ಹಿಡಿದಂತೆ ಅನ್ನಿಸಿತು.

ಆ ಕಾರಿನಲ್ಲಿ ಕ್ರೂಸ್ ಕಂಟ್ರೋಲ್ ಇತ್ತು. ಅದರ ಗುಂಡಿಗಳು ಎಡಗಡೆಯ ಇಂಡಿಕೇಟರ್ ಲಿವರ್ ಮೇಲೇ ಇದ್ದವು. ಬೇಕಾದ ವೇಗಕ್ಕೆ ಬಂದಾಗ ‘ಸೆಟ್’ ಒತ್ತಿದರೆ ಸಾಕು, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಕಾರು ಅದೇ ವೇಗದಲ್ಲಿ ಓಡುತ್ತದೆ. ಬ್ರೇಕನ್ನೋ ಕ್ಲಚ್ಚನ್ನೋ ಮುಟ್ಟಿದರೆ ಬಿಟ್ಟುಕೊಡುತ್ತದೆ. ಆದರೆ ವೇಗವನ್ನು ಮರೆಯುವುದಿಲ್ಲ; ‘ರೆಸ್’ ಒತ್ತಿದರೆ ಹಳೆಯ ವೇಗಕ್ಕೇ ಮತ್ತೆ ಏರುತ್ತದೆ. ನನ್ನ ಕಾರಿನದು ಹಳೇ ಮಾದರಿ. ಮುಂದೆ ಏನಿದೆಯೆಂದು ನೋಡುವ ರಾಡಾರ್ ಅದಕ್ಕಿಲ್ಲ. ವೇಗ ಕಾಯುವುದೊಂದೇ ಅದರ ಕೆಲಸ, ದಾರಿ ಕಾಯುವುದು ನನ್ನದು. ಈ ಕೆಲಸ ಹಂಚಿಕೆಯನ್ನು ನಾನು ಓದಿಯೂ ಇದ್ದೆ.

ಇಂಥ ಸಾಧನಕ್ಕೆ ತಕ್ಕ ರಸ್ತೆಯೂ ಸಿಕ್ಕಿತು. 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು. ಅಪಘಾತಗಳ ಸುದ್ದಿ ನಿಲ್ಲದಾದಾಗ ಅದೇ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯರಸ್ತೆಯಿಂದ ಸರ್ವಿಸ್ ರಸ್ತೆಗೆ ಕಳಿಸಿದರು. ಕಾರಿನವರಿಗೆ ಗಂಟೆಗೆ 100 ಕಿಲೋಮೀಟರಿನ ಮಿತಿ. ರಸ್ತೆ ಖಾಲಿ ಮಾಡಿಕೊಟ್ಟಿದ್ದಾರೆ ಎಂದು ನಾನು ಅರ್ಥ ಮಾಡಿಕೊಂಡೆ. ಆ ದಸರಾ ಮುಗಿದ ಮೇಲಿನ ಒಂದು ಭಾನುವಾರ, ಬೆಳಕು ಹರಿಯುವ ಮುಂಚೆ, ಮೈಸೂರಿನ ನಾದಿನಿಯ ಮನೆಗೆ ಹೊರಟೆವು. ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಇಳಿಯೋಣವೆಂದು ಹೆಂಡತಿ ಹೇಳಿದಳು. ಬೈಪಾಸಿನಲ್ಲಿ ಹೋಗುವಾಗ ಬಿಡದಿಯೆಲ್ಲಿ, ತಟ್ಟೆ ಇಡ್ಲಿಯೆಲ್ಲಿ! ಅವಳು ಸೀಟು ಹಿಂದಕ್ಕೆ ವಾಲಿಸಿಕೊಂಡು ಮಲಗಿದಳು. ನಾನು ವೇಗವನ್ನು 98ಕ್ಕೆ ಸೆಟ್ ಮಾಡಿದೆ.

ಈಗ ತಪ್ಪೊಪ್ಪಿಗೆ. ಮೊದಲನೆಯದು ಕಾಲಿನದು. ಕೆಲಸವಿಲ್ಲದ ಬಲಗಾಲನ್ನು ನಾನು ಹಿಂದಕ್ಕೆ ಮಡಚಿ ಸೀಟಿನ ಕೆಳಗೆ ಎಳೆದುಕೊಂಡಿದ್ದೆ. ಹಾಯಾಗಿತ್ತು. ಎರಡನೆಯದು ಕೈಯದು. ಬಲಗಡೆಯ ವೈಪರ್ ಲಿವರ್ ತುದಿಯಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಮೀಟರಿನ ನಡುವಿನ ಪುಟ್ಟ ಪರದೆಯಲ್ಲಿ ಮೈಲೇಜು ಬರುತ್ತದೆ. ಲೀಟರಿಗೆ 19.8 ತೋರಿಸುತ್ತಿತ್ತು. ಅದು 20 ಆಗುವುದನ್ನು ನಾನು ನೋಡಬೇಕಿತ್ತು. ಯಾಕೆ ಎಂದರೆ ಉತ್ತರವಿಲ್ಲ. 19.9 ಆಯಿತು. ಇನ್ನೊಮ್ಮೆ ಒತ್ತಿದೆ. 98ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 27 ಮೀಟರ್ ಹೋಗುತ್ತದೆ. ಮೂರು ಸೆಕೆಂಡು ಮೈಲೇಜು ನೋಡಿದರೆ ಎಂಬತ್ತು ಮೀಟರಿಗೂ ಮಿಕ್ಕಿ ರಸ್ತೆಯನ್ನು ಕಣ್ಣಿಲ್ಲದೆ ದಾಟಿದಂತೆ. ಈ ಲೆಕ್ಕ ಮಾಡಿದ್ದು ಆಮೇಲೆ. ಆಗ ಮಾಡುತ್ತಿದ್ದ ಲೆಕ್ಕವೇ ಬೇರೆ.

ತಲೆಯೆತ್ತಿದಾಗ ಎದುರಿಗೆ ಎಳನೀರು ತುಂಬಿದ ಲಾರಿ. ಅರ್ಧ ರಸ್ತೆಯ ಅಂಚಿನಲ್ಲಿ, ಅರ್ಧ ನನ್ನ ಲೇನಿನಲ್ಲಿ. ಪಕ್ಕಕ್ಕೆ ಹೋಗೋಣವೆಂದು ನನ್ನ ಬಲಗೈ ಹಳೇ ಕಾರಿನ ಇಂಡಿಕೇಟರ್ ಇದ್ದ ಜಾಗದ ಲಿವರನ್ನು ಬಡಿಯಿತು. ಒಣ ಗಾಜಿನ ಮೇಲೆ ವೈಪರ್ ಕಿರ್ರೆಂದು ಓಡಿತು. ಕನ್ನಡಿಯಲ್ಲಿ ಬಲಗಡೆ ಬಸ್ಸು. ಆ ದಾರಿಯೂ ಇಲ್ಲ. ಸೀಟಿನಡಿಯಿಂದ ಕಾಲು ಬಿಡಿಸಿಕೊಂಡು ಬಂದು ಬ್ರೇಕ್ ತುಳಿಯಿತು. ಪೆಡಲ್ ಪಾದದಡಿ ದಡದಡ ಅದುರಿತು. ಕ್ಲಚ್ ಒತ್ತುವುದು ಮರೆತು ಎಂಜಿನ್ ಆಫ್ ಆಗಿ ಕಾರು ನಿಂತಾಗ, ಲಾರಿಗೂ ನಮಗೂ ನಡುವೆ ಒಂದು ಮಾರು ಜಾಗ ಉಳಿದಿತ್ತು. ವೈಪರ್ ಅರ್ಧದಲ್ಲಿ ನಿಂತಿತ್ತು.

ಇಳಿದವನೇ ನಾನು ಮಾಡಿದ ಮೊದಲ ಕೆಲಸ ಲಾರಿ ಡ್ರೈವರನ್ನು ಬೈದದ್ದು. ನನಗಿಂತ ಹತ್ತು ವರ್ಷ ದೊಡ್ಡವನಿರಬೇಕು, ಜಾಕ್ ಹಾಕಿ ಟೈರು ಬಿಚ್ಚುತ್ತಿದ್ದ. ನಾನು ಏಕವಚನದಲ್ಲೇ ಶುರು ಮಾಡಿದೆ. ದೀಪ ಹಾಕೋಕಾಗಲ್ವೇನಯ್ಯಾ, ತ್ರಿಕೋನ ಇಡೋಕಾಗಲ್ವಾ, ಲೈಸೆನ್ಸ್ ಯಾರು ಕೊಟ್ರು ನಿಂಗೆ? ಅವನು ಎದ್ದು ನಿಂತು ಗ್ರೀಸಿನ ಕೈಯನ್ನು ಲುಂಗಿಗೆ ಒರೆಸಿಕೊಂಡ. ಲಾರಿಯ ಒಂದು ಮೂಲೆಯಲ್ಲಿ ಹಳದಿ ದೀಪ ಮಿನುಗುತ್ತಲೇ ಇತ್ತು. ಅವನು ಅದನ್ನು ತೋರಿಸಲಿಲ್ಲ, ನಾನು ಬಂದ ದಾರಿಯನ್ನು ತೋರಿಸಿದ.

“ನೂರಿಪ್ಪತ್ತು ಹೆಜ್ಜೆ ಎಣಿಸ್ಕಂಡೋಗಿ ಸೊಪ್ಪು ಮಡಗಿದ್ನಲ್ಲ ಸಾ. ಕಲ್ಲು ಮಡಗುದ್ರೆ ಗಾಡಿಗೋಳ್ಗೆ ಏಟಾಯ್ತದೆ ಅಂತ ಬರೀ ಸೊಪ್ಪೇ ಮಡಗ್ದೆ.”

“ಯಾವ ಸೊಪ್ಪೂ ಇರಲಿಲ್ಲ, ಸುಳ್ಳು ಹೇಳಬೇಡ” ಎಂದೆ. ನಂಬಿಯೇ ಅಂದೆ. ಕಂಡಿರಲಿಲ್ಲವಲ್ಲ, ಹಾಗಾಗಿ ಇರಲಿಲ್ಲ. ಅವನು ಒಮ್ಮೆ ರಸ್ತೆಯತ್ತ ನೋಡಿದ, ಒಮ್ಮೆ ನನ್ನತ್ತ ನೋಡಿದ, “ಆಯ್ತು ಬುಡಿ ಸಾ, ಜೀವ ಉಳೀತಲ್ಲ” ಎಂದು ಮತ್ತೆ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತ.

ಮೈಸೂರು ತಲುಪಿ ಗೇಟಿನ ಮುಂದೆ ಕಾರು ನಿಲ್ಲಿಸಿದೆ. ಹೆಂಡತಿ ಚೀಲ ಹಿಡಿದು ಒಳಗೆ ಹೋದಳು. ನಾನು ಮುಂದಿನಿಂದ ಸುತ್ತಿ ಬಂದಾಗ ಬಂಪರಿನ ಕೆಳಗಿನ ಜಾಲರಿಯಲ್ಲಿ ಸಿಕ್ಕಿಕೊಂಡಿತ್ತು: ಮೊಣಕೈಯುದ್ದದ ಹೊಂಗೆ ಕೊಂಬೆ. ಎಲೆಗಳು ಅರ್ಧ ಜಜ್ಜಿದ್ದವು, ಮಿಕ್ಕವು ಇನ್ನೂ ಹಸಿರಾಗಿದ್ದವು. ಅವನು ಇಟ್ಟಿದ್ದ. ನಾನು ಅದರ ಮೇಲೇ ಹಾದು, ಮೈಲೇಜು ನೋಡಿಕೊಂಡು, ಅದನ್ನು ಎಳೆದುಕೊಂಡು ಅರವತ್ತು ಕಿಲೋಮೀಟರು ಬಂದಿದ್ದೆ. ಕೊಂಬೆಯನ್ನು ಕಿತ್ತು ಮೋರಿಗೆ ಎಸೆದೆ. ಆಚೀಚೆ ನೋಡಿ ಎಸೆದೆ. ಒಳಗೆ ಹೋಗಿ ಕಾಫಿ ಕುಡಿಯುತ್ತ, ಏನೂ ಗುರುತಿಡದ ಲಾರಿಯವನ ಕಥೆಯನ್ನು ಮೊದಲ ಸಲ ಹೇಳಿದೆ. ಅಂದಹಾಗೆ, ನನ್ನ ಡಿಕ್ಕಿಯಲ್ಲಿದ್ದ ತ್ರಿಕೋನ ಇನ್ನೂ ಪ್ಲಾಸ್ಟಿಕ್ ಕವರಿನೊಳಗೇ ಇತ್ತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ತಪ್ಪನ್ನು ನೆಲದ ಮೇಲೂ ಹಾಕಿದೆ, ಒಳಗೊಳಗೇ ಕಾರಿನ ಮೇಲೂ ಹಾಕಿದೆ: ಕ್ರೂಸ್ ಕಂಟ್ರೋಲ್ ನಮ್ಮ ದೇಶಕ್ಕಲ್ಲ, ಈ ಉಲ್ಟಾ ಲಿವರುಗಳು ನಮ್ಮ ಕೈಗಲ್ಲ. ಆ ಸಿಟ್ಟಿನಲ್ಲೇ ಒಮ್ಮೆ ಈ ಸಾಧನ ಯಾರು ಮಾಡಿದ್ದೆಂದು ಹುಡುಕಿದೆ. ಅಮೆರಿಕದ ಇಂಡಿಯಾನಾದ ರಾಲ್ಫ್ ಟೀಟರ್ ಎಂಬ ಎಂಜಿನಿಯರ್. ಐದನೇ ವಯಸ್ಸಿನಲ್ಲಿ ಅಪಘಾತವೊಂದರಲ್ಲಿ ಕಣ್ಣು ಕಳೆದುಕೊಂಡವರು. 1936ರಲ್ಲಿ ಅಲ್ಲಿನ ವಾಹನ ಎಂಜಿನಿಯರುಗಳ ಸಂಘದ ಅಧ್ಯಕ್ಷರಾಗಿದ್ದವರು. ಅವರ ವಕೀಲರಿಗೆ ಕಾರು ಓಡಿಸುತ್ತ ಮಾತಾಡುವ ಚಟ. ಮಾತಾಡುವಾಗ ಕಾರು ನಿಧಾನ, ಕೇಳುವಾಗ ಜೋರು. ಪಕ್ಕದಲ್ಲಿ ಕೂತ ಟೀಟರ್‌ಗೆ ಆ ಜಗ್ಗಾಟ ತಡೆಯಲಾಗದೆ ವೇಗ ಕಾಯುವ ಯಂತ್ರದ ಯೋಚನೆ ಹುಟ್ಟಿತೆಂದು ಹೇಳುತ್ತಾರೆ. ಪೇಟೆಂಟ್ ಸಿಕ್ಕಿದ್ದು 1950ರಲ್ಲಿ. 1958ರ ಕ್ರೈಸ್ಲರ್ ಕಾರುಗಳಲ್ಲಿ ಅದು ಮೊದಲು ಬಂತು.

ಓದುತ್ತ ನನಗೆ ಚುಚ್ಚಿದ್ದು ಒಂದು ಸಣ್ಣ ವಿವರ. ಅವರ ಮೊದಲ ವಿನ್ಯಾಸದಲ್ಲಿ ಕಾರು ಗೊತ್ತುಮಾಡಿದ ವೇಗ ಮುಟ್ಟಿದಾಗ ಪೆಡಲ್ ಪಾದವನ್ನು ಹಿಂದಕ್ಕೆ ಒತ್ತಿ ‘ಸಾಕು’ ಎಂದು ತಿಳಿಸುತ್ತಿತ್ತು. ಅಂದರೆ ಕಾಲು ಅಲ್ಲೇ ಇರಬೇಕಿತ್ತು. ಕಾರನ್ನೇ ಓಡಿಸಲಾಗದ ಆ ಮನುಷ್ಯ ಪಕ್ಕದ ಸೀಟಿನಲ್ಲಿ ಕೂತು ಎಂಜಿನ್ನಿನ ಸದ್ದಿನಿಂದ, ಮೈಗೆ ತಾಗುವ ಜಗ್ಗಾಟದಿಂದ ಡ್ರೈವರನ ಗಮನ ಎಲ್ಲಿ ತಪ್ಪುತ್ತದೆಂದು ಕಂಡುಕೊಂಡರು. ಎರಡು ಕಣ್ಣಿದ್ದ ನಾನು ಅವರ ಯಂತ್ರವನ್ನು ಗಮನ ತಪ್ಪಿಸಿಕೊಳ್ಳುವುದಕ್ಕೇ ಬಳಸಿದೆ.

ನಿಜ ಹೇಳಬೇಕೆಂದರೆ ಆಲಸ್ಯ ಕ್ರೂಸ್ ಕಂಟ್ರೋಲ್‌ನಿಂದ ಬಂದದ್ದಲ್ಲ. ಮುಂಚೆಯೂ ಇತ್ತು. ಶಿರಾಡಿ ಘಾಟಿ ಇಳಿಯುವಾಗ ಎಣ್ಣೆ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕುತ್ತಿದ್ದವನು ನಾನೇ. ಸ್ಟಿಯರಿಂಗ್ ಎತ್ತರ ಸರಿಯಿಲ್ಲವೆಂದು ಓಡುತ್ತಿರುವಾಗಲೇ ಕಾಲಮ್ಮಿನ ಕೆಳಗಿನ ಹಿಡಿಕೆ ಸಡಿಲಿಸಿ, ಚಕ್ರ ಮಡಿಲಿಗೆ ಇಳಿದಾಗ ಬೆವರಿದವನೂ ನಾನೇ. ಆಗೆಲ್ಲ ಪೆಡಲ್ ಮೇಲಿನ ಕಾಲು ನನ್ನ ಆಲಸ್ಯವನ್ನು ಮುಚ್ಚಿಡುತ್ತಿತ್ತು. ಮನಸ್ಸು ಎಲ್ಲೋ ಹೋದಾಗ ಕಾಲು ತಾನಾಗಿ ಸಡಿಲವಾಗಿ ಕಾರು ನಿಧಾನವಾಗುತ್ತಿತ್ತು, ಆ ವಕೀಲರ ಕಾರಿನ ಹಾಗೆ. ಕ್ರೂಸ್ ಹಾಕಿದ ಮೇಲೆ ಆ ಸಣ್ಣ ರಕ್ಷೆ ಹೋಯಿತು. ನನ್ನ ಮನಸ್ಸು ಹೋದರೂ ಕಾರು 98ರಲ್ಲೇ ಹೋಗುತ್ತಿತ್ತು.

ಇಷ್ಟೆಲ್ಲ ತಿಳಿದ ಮೇಲೂ ಒಮ್ಮೆ ಕಲಿಯಬೇಕಾಯಿತು. ಗಣಂಗೂರು ಟೋಲ್ ಹತ್ತಿರ ಬ್ರೇಕ್ ಒತ್ತಿ ವೇಗ ಇಳಿಸಿದ್ದೆ. ಇನ್ನೂ ಸ್ವಲ್ಪ ಇಳಿಸೋಣವೆಂದು ಹೆಬ್ಬೆರಳಿನಲ್ಲಿ ಗುಂಡಿಯ ಒಂದು ತುದಿ ಒತ್ತಿದೆ. ಅದು ‘ರೆಸ್’. ಮುಂದಿರುವುದು ಟೋಲ್ ಗೇಟೆಂದು ಕಾರಿಗೇನು ಗೊತ್ತು? ಅದು ಹಳೇ ವೇಗವನ್ನು ನೆನೆದು ಮುನ್ನುಗ್ಗಿತು. ಈ ಸಲ ಕಾಲು ಬ್ರೇಕ್ ಹತ್ತಿರವೇ ಇತ್ತು, ಅಷ್ಟೇ ವ್ಯತ್ಯಾಸ. ಅವತ್ತು ಸಂಜೆ ಮನೆಯ ಮುಂದೆ ನಿಂತ ಕಾರಿನಲ್ಲಿ ಕೂತು ಕಣ್ಣು ಮುಚ್ಚಿದೆ. ಎಡ ಇಂಡಿಕೇಟರ್, ಬಲ ಇಂಡಿಕೇಟರ್, ಡಿಮ್, ವೈಪರ್, ಸೆಟ್, ಕ್ಯಾನ್ಸಲ್: ಒಂದೊಂದನ್ನೂ ಬಾಯಲ್ಲಿ ಹೇಳಿಕೊಂಡು ಬೆರಳಿನಿಂದ ಮುಟ್ಟಿದೆ. ಮೊದಲ ದಿನವೇ ಆಗಬೇಕಿದ್ದ ಸ್ಲೇಟು-ಬಳಪ. ಎದುರುಮನೆಯ ಹುಡುಗ ನಿಂತು ನೋಡಿದ. ನೋಡಲಿ ಬಿಡು ಅಂದುಕೊಂಡೆ.

ಈಗ ಕ್ರೂಸ್ ಹಾಕುವುದು ಹಗಲಲ್ಲಿ, ರಸ್ತೆ ಒಣಗಿದ್ದು ತೆರವಾಗಿದ್ದರೆ ಮಾತ್ರ. ಮಳೆಯಲ್ಲಿ ಹಾಕುವುದಿಲ್ಲ, ಟೈರು ನೀರಿನ ಮೇಲೆ ತೇಲತೊಡಗಿದರೆ ಅದನ್ನು ಮೊದಲು ಅರಿತು ನಯವಾಗಿ ವೇಗ ಇಳಿಸಬೇಕಾದದ್ದು ಕಾಲು, ಆ ಕಾಲು ಪೆಡಲ್ ಮೇಲಿರಬೇಕು. ಇಳಿಜಾರಿನಲ್ಲೂ ಇಲ್ಲ, ನನ್ನ ಕಾರಿನಂಥವು ಎಣ್ಣೆ ಕಡಿಮೆ ಮಾಡುತ್ತವೆಯೇ ಹೊರತು ಬ್ರೇಕ್ ಹಾಕುವುದಿಲ್ಲ. ರಾಡಾರ್ ಇರುವ ಹೊಸ ಕಾರು ಕೊಂಡ ಗೆಳೆಯ “ನಂದು ತಾನೇ ಬ್ರೇಕ್ ಹಾಕುತ್ತೆ” ಎನ್ನುತ್ತಾನೆ. ನಿಂತ ವಾಹನ ಅದಕ್ಕೆ ಕಾಣದೇ ಹೋಗಬಹುದೆಂಬ ಎಚ್ಚರಿಕೆ ಅಂಥ ಕಾರುಗಳ ಕೈಪಿಡಿಗಳಲ್ಲೇ ಇರುತ್ತದೆ ಎಂದೆ. ಅವನು ಕೈಪಿಡಿ ತೆರೆದಿಲ್ಲ. ನಾನು ತೆರೆದೂ ಏನಾಗಿತ್ತೆಂದು ಅವನಿಗೆ ಹೇಳಲಿಲ್ಲ.

ಹೆಂಡತಿಗೆ ಹೇಳಿದ್ದು ಹೋದ ತಿಂಗಳು. ಭಾವಮೈದುನ ಊಟಕ್ಕೆ ಬಂದಿದ್ದ, ಲಾರಿ ಕಥೆಯನ್ನು ಮತ್ತೊಮ್ಮೆ ಶುರು ಮಾಡಿದ್ದೆ. “ಏನೂ ಗುರುತಿಟ್ಟಿರಲಿಲ್ಲ” ಎಂಬಲ್ಲಿಗೆ ಬಂದಾಗ ಆ ಡ್ರೈವರ್ ಎಣಿಸಿದ ನೂರಿಪ್ಪತ್ತು ಹೆಜ್ಜೆ ಗಂಟಲಲ್ಲಿ ಸಿಕ್ಕಿಕೊಂಡಂತಾಯಿತು. ಕಥೆಯನ್ನು ಹೇಗೋ ಮುಗಿಸಿದೆ. ಅವನು ಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ: ಮೈಲೇಜು, ಮಡಚಿದ ಕಾಲು, ಮೋರಿಗೆ ಎಸೆದ ಹೊಂಗೆ ಕೊಂಬೆ. ಅವಳು ತಟ್ಟೆ ತೊಳೆಯುವುದನ್ನು ನಿಲ್ಲಿಸಲಿಲ್ಲ.

“ನಂಗೆ ಎಚ್ಚರ ಆಗಿದ್ದು ಬ್ರೇಕಿಗಲ್ಲ ರೀ,” ಎಂದಳು. “ಅದಕ್ಕೂ ಮುಂಚೆ ವೈಪರ್ ಓಡ್ತಲ್ಲ, ಅದಕ್ಕೆ.”